ಅಮ್ಮ ಎಂದಾಗ ಸಿಗುವ ಅಳತೆ

ಬಾಯಲ್ಲಿ ಒಂದೂ ಹಲ್ಲಿಲ್ಲದ ಅಜ್ಜಿಯನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮೂಗಿನ ತುದಿಗೊಂದು, ಗದ್ದಕ್ಕೊಂದು ಚುಕ್ಕೆ ಇಡುತ್ತಾರೆ. "ಅಜ್ಜೀ, ಒಂದ್ಸಲ ಅಮ್ಮ ಅನ್ನಿ" ಎನ್ನುತ್ತಾರೆ ಪ್ರೊಫೆಸರ್ ಮೇಡಂ. ಅಜ್ಜಿ ಅನ್ನುತ್ತಾರೆ. ಮಾತು ಮುಗಿದು ದವಡೆ ತಾನಾಗಿಯೇ ಸಡಿಲವಾಗಿ ನಿಲ್ಲುವ ಒಂದು ಗಳಿಗೆ ಇದೆಯಲ್ಲ, ಆಗ ಚುಕ್ಕೆಯಿಂದ ಚುಕ್ಕೆಗೆ ಸ್ಕೇಲು ಹಿಡಿಯುತ್ತಾರೆ. ಸಿಕ್ಕ ಅಳತೆಯಲ್ಲಿ 2ರಿಂದ 4 ಮಿಲಿಮೀಟರ್ ಕಳೆದರೆ, ಹೊಸ ಹಲ್ಲು ಕಚ್ಚಿದಾಗ ಮುಖ ಎಷ್ಟು ಎತ್ತರ ಇರಬೇಕು ಎಂಬ ಲೆಕ್ಕ ಸಿಗುತ್ತದೆ. ಸುತ್ತ ನಿಂತ ಬಿಡಿಎಸ್ ಹುಡುಗ ಹುಡುಗಿಯರು ಉಸಿರು ಬಿಗಿಹಿಡಿದು ನೋಡುತ್ತಾರೆ.

ಬೆಂಗಳೂರಿನ ದಂತ ವೈದ್ಯಕೀಯ ಕಾಲೇಜೊಂದರ ಪ್ರಾಸ್ಥೊಡಾಂಟಿಕ್ಸ್ ವಿಭಾಗದಲ್ಲಿ, ಅಂದರೆ ಜನ "ಹಲ್ಲು ಕಟ್ಟೋ ಕಡೆ" ಎನ್ನುವ ಜಾಗದಲ್ಲಿ, ಈ ಪಾಠ ನಡೆಯುತ್ತದೆ. ಬೇರೆ ಎಷ್ಟೋ ಅಳತೆಗಳಿಗೆ ಉಪಕರಣವಿದೆ. ಈ ಎತ್ತರಕ್ಕೆ ಬಹುಮಟ್ಟಿಗೆ ರೋಗಿಯ ಮಾತನ್ನೇ ನೆಚ್ಚಬೇಕು. ಎತ್ತರ ಹೆಚ್ಚಾದರೆ ಮಾತಾಡುವಾಗಲೆಲ್ಲ ಹಲ್ಲು ಟಕಟಕ ಎನ್ನುತ್ತದೆ, ವಸಡು ನೋಯುತ್ತದೆ. ಕಡಿಮೆಯಾದರೆ ಗದ್ದ ಮೂಗಿನತ್ತ ಏರಿ, ಬಾಯಿಯ ಮೂಲೆ ಬಿರಿಯುತ್ತದೆ.

ಎತ್ತರ ಗೊತ್ತಾದ ಮೇಲೆ ಗುಲಾಬಿ ಮೇಣದಲ್ಲಿ ಹಲ್ಲು ಕೂರಿಸಿ, ಮತ್ತೆ ಬಾಯಿಗಿಟ್ಟು ಮಾತಾಡಿಸುತ್ತಾರೆ. ನಾನು ಹೋಗಿದ್ದು ಇದನ್ನು ಕೇಳುವುದಕ್ಕೇ. ಇಂಗ್ಲಿಷ್ ಪಠ್ಯಪುಸ್ತಕಗಳು ಐವತ್ತರಿಂದ ಐವತ್ತೈದರವರೆಗೆ ಇಂಗ್ಲಿಷಿನಲ್ಲಿ ಎಣಿಸಲು ಹೇಳುತ್ತವೆ. "ಫಿಫ್ಟಿ ಫೈವ್" ಎನ್ನುವಾಗ ಮೇಲಿನ ಮುಂಹಲ್ಲಿನ ಅಂಚು ಕೆಳತುಟಿಯ ಒದ್ದೆ ಒಣ ಸೇರುವ ಗೆರೆಗೆ ಹಗುರಾಗಿ ತಾಗಬೇಕು. ನಮ್ಮ ಎಷ್ಟೋ ಅಜ್ಜ ಅಜ್ಜಿಯರ ಬಾಯಲ್ಲಿ "ಫ" ಹೋಗಿ "ಪ" ಬರುತ್ತದೆ. "ಪ" ಎಂದರೆ ತುಟಿ ತುಟಿಗೆ ಕೂಡುತ್ತದೆಯೇ ಹೊರತು ಹಲ್ಲಿನ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಮೇಡಂ "ವಡೆ" ಅನ್ನಿಸುತ್ತಾರೆ, "ಇವತ್ತು ಯಾವ ವಾರ?" ಎಂದು ಕೇಳುತ್ತಾರೆ. "ಸ"ಗೆ ಸಾಸಿವೆ, ಮೈಸೂರು, ಸೊಸೆ. "ಸ" ಹೇಳುವಾಗ ಮೇಲಿನ ಕೆಳಗಿನ ಮುಂಹಲ್ಲುಗಳು ತೀರ ಹತ್ತಿರ ಬರಬೇಕು, ಆದರೆ ತಾಗಬಾರದು. ತಾಗಿ ಸದ್ದಾದರೆ ಎತ್ತರ ತಪ್ಪಿದೆ. ಅಂಗುಳದ ಹಿಂಭಾಗದಲ್ಲಿ ಹಲ್ಲಿನ ಸೆಟ್ಟು ಎಲ್ಲಿಗೆ ಮುಗಿಯಬೇಕೆಂಬುದಕ್ಕೂ ಒಂದು ಅಕ್ಷರವಿದೆ: "ಆ". ಹಾಗೆಂದಾಗ ಮೆತ್ತನೆಯ ಅಂಗುಳ ಎಲ್ಲಿಂದ ಅಲುಗಲು ಶುರುವಾಗುತ್ತದೋ ಅಲ್ಲಿ ಬಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಾರೆ. ಸೊಸೆಯ ಸುದ್ದಿ ತೆಗೆದರೆ ಅಜ್ಜಿಯರು ಅಳತೆಯನ್ನೇ ಮರೆತು ಮಾತಾಡುತ್ತಾರಂತೆ. ಮೇಡಂಗೆ ಬೇಕಾದ್ದೂ ಅದೇ. ಪರೀಕ್ಷೆ ಎಂದು ಗೊತ್ತಾದರೆ ದವಡೆ ಬಿಗಿಯಾಗಿಬಿಡುತ್ತದೆ.

ಇದಕ್ಕೆಲ್ಲ ಮುಂಚಿನ ಕೆಲಸ ಹೀಗೆ. ಮೊದಲು ಬಿಸಿನೀರಲ್ಲಿ ಮೆತ್ತಗಾದ, ಕಾಂಪೌಂಡ್ ಎಂಬ ಅಚ್ಚಿನ ವಸ್ತುವಿನಿಂದ ದವಡೆಯ ಅಚ್ಚು. ಅದರಿಂದ ಆ ಬಾಯಿಗೆಂದೇ ಮಾಡಿದ ಟ್ರೇ. ಅದರ ಅಂಚಿಗೆ ಗ್ರೀನ್ ಸ್ಟಿಕ್ ಎಂಬ ಕಾಂಪೌಂಡಿನ ಕಡ್ಡಿ ಕರಗಿಸಿ ಹಚ್ಚಿ, ಕೆನ್ನೆ ತುಟಿ ನಾಲಿಗೆ ಆಡಿಸಿ, ಸ್ನಾಯು ಎಲ್ಲಿಯವರೆಗೆ ಜಾಗ ಬಿಡುತ್ತದೆಂದು ನೋಡಬೇಕು. ಕೊನೆಯ ಅಚ್ಚಿನ ಜಿಂಕ್ ಆಕ್ಸೈಡ್ ಪೇಸ್ಟಿನಲ್ಲಿ ಲವಂಗದೆಣ್ಣೆಯ ಯೂಜಿನಾಲ್ ಇರುವುದರಿಂದ ಇಡೀ ಕೋಣೆ ಲವಂಗದ ವಾಸನೆ. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ನಿಲ್ಲುವುದು ತೆಳು ಉಗುಳಿನ ಪದರದಿಂದ, ಎರಡು ಒದ್ದೆ ಗಾಜಿನ ತುಂಡು ಕಚ್ಚಿಕೊಂಡ ಹಾಗೆ. ಮೇಲೆ ಅದಕ್ಕೆ ಸುಮಾರು 23 ಚದರ ಸೆಂಟಿಮೀಟರ್ ಜಾಗ ಸಿಗುತ್ತದೆ. ಕೆಳಗೆ 12ರ ಆಸುಪಾಸು, ಜೊತೆಗೆ ಅಲುಗುತ್ತಲೇ ಇರುವ ನಾಲಿಗೆ. "ಕೆಳಗಿಂದು ನಿಲ್ಲಲ್ಲ ಡಾಕ್ಟ್ರೇ" ಎಂಬ ದೂರು ಬರುವುದು ಇದರಿಂದಲೇ.

ಇತಿಹಾಸವನ್ನು ಮೇಡಂ ತಮ್ಮ ಗುರುಗಳಿಂದ ಕೇಳಿದಂತೆ ಹೇಳಿದರು. ಆನೆಯ ದಂತದಲ್ಲಿ, ಮೂಳೆಯಲ್ಲಿ ಹಲ್ಲು ಕೆತ್ತಿದ ಕಾಲ. 1815ರ ವಾಟರ್‌ಲೂ ಯುದ್ಧದಲ್ಲಿ ಸತ್ತ ಸೈನಿಕರ ಹಲ್ಲು ಕಿತ್ತು ಯುರೋಪಿನ ಸಿರಿವಂತರ ಬಾಯಿಗೆ ಕೂರಿಸಿದ ಕಾಲ. 1850ರ ದಶಕದಿಂದ ಗಟ್ಟಿ ಮಾಡಿದ ರಬ್ಬರು, ಅಂದರೆ ವಲ್ಕನೈಟ್. 1937ರ ಹೊತ್ತಿಗೆ ಇವತ್ತಿನ ಗುಲಾಬಿ ಅಕ್ರಿಲಿಕ್. ನಮ್ಮಲ್ಲಿ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಶುರುವಾದವು.

ವಿದ್ಯಾರ್ಥಿಗಳು ರೋಗಿಯನ್ನು ಮುಟ್ಟುವ ಮೊದಲೇ ಪ್ಲಾಸ್ಟರ್ ಮಾದರಿಯ ಮೇಲೆ, ಸ್ಪಿರಿಟ್ ಲ್ಯಾಂಪಿನ ಮುಂದೆ, 28 ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಕಲಿಯುತ್ತಾರೆ. ಮೇಲಿನ ಸಾಲಿನಲ್ಲಿ, ನಡುವಿನಿಂದ ಎರಡನೇ ಹಲ್ಲಿನ ಅಂಚು ಮೊದಲನೆಯದಕ್ಕಿಂತ ಒಂದು ಮಿಲಿಮೀಟರಿನಷ್ಟು ಮೇಲಿರಬೇಕು. ಕೋರೆಹಲ್ಲು ಮತ್ತೆ ಕೆಳಗಿಳಿದು ಸಮಕ್ಕೆ ಬರಬೇಕು. ಈ ಮೇಣದ ಗಂಟೆಗಳು ದಂಡ ಎನ್ನುವವರು ಈಗ ಹೆಚ್ಚು. ಸ್ಕ್ಯಾನರ್ ಬಂದಿದೆ, ಸೆಟ್ಟನ್ನು ಪ್ರಿಂಟ್ ಮಾಡುವ ಯಂತ್ರ ಬಂದಿದೆ. ಕೆಳದವಡೆಗೆ ಎರಡು ಇಂಪ್ಲಾಂಟಿನ, ಅಂದರೆ ಮೂಳೆಯಲ್ಲಿ ನೆಟ್ಟ ತಿರುಪಿನ, ಆಧಾರವಿರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದ್ದಾರೆ. ಮಾತು ಸರಿಯೇ. ಆದರೆ ರಾಜ್ಯ ಸರ್ಕಾರ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡಲು ದಂತಭಾಗ್ಯ ಯೋಜನೆ ತಂದದ್ದೇಕೆ? ಮಾಮೂಲಿ ಸೆಟ್ಟೂ ಕೈಗೆಟುಕದವರು ನಮ್ಮಲ್ಲಿ ಇದ್ದಾರೆ, ಅದಕ್ಕೆ. ಅವರ ಬಾಯಿಗೆ ಬೇಕಾದದ್ದು ಕೈಯ ಹದ, ಕಿವಿಯ ಗಮನ. ಯಂತ್ರದಲ್ಲಿ ಪ್ರಿಂಟಾದ ಸೆಟ್ಟಿಗೂ ಎತ್ತರವನ್ನು ಯಾರಾದರೂ ಅಮ್ಮ ಅನ್ನಿಸಿಯೇ ಕೊಡಬೇಕು. ಆ ಮೇಣದ ಗಂಟೆಗಳನ್ನು ಪಠ್ಯಕ್ರಮದಿಂದ ಕತ್ತರಿಸಬಾರದು.

ಇನ್ನೊಂದು ಸಂಕಟವಿದೆ, ಅದನ್ನು ಯಾವ ಪಾಠವೂ ನೀಗಿಸದು. ಹಲ್ಲು ಹೋದ ಮೇಲೆ ದವಡೆಯ ಮೂಳೆ ವರ್ಷ ವರ್ಷ ಸವೆಯುತ್ತಲೇ ಇರುತ್ತದೆ. ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಸೆಟ್ಟು ಹಾಕಿಕೊಂಡವರನ್ನು 25 ವರ್ಷ ಹಿಂಬಾಲಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕೆಳದವಡೆಯ ಮುಂಭಾಗ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಇವತ್ತು ಹದವಾಗಿ ಕೂತದ್ದು ಕೆಲವು ವರ್ಷಕ್ಕೆ ಸಡಿಲ. ಮರಳಿ ಬಂದರೆ ಒಳಮೈಗೆ ಹೊಸ ಅಕ್ರಿಲಿಕ್ ತುಂಬಿ ಕೂರಿಸಿ ಕೊಡಬಹುದು. ದೂರದೂರಿನವರು ಬರುವುದಿಲ್ಲ. ಬಸ್ಸಿನ ಚಾರ್ಜು, ಜೊತೆಗೆ ಬರಲು ಮಗನಿಗೆ ರಜೆ, ಎರಡೂ ಹೊಂದಬೇಕು. ಸೆಟ್ಟನ್ನು ಮದುವೆ ಮುಂಜಿಗೆ ಮಾತ್ರ ಹಾಕಿಕೊಂಡು, ಪಂಕ್ತಿಗೆ ಕೂತಾಗ ತೆಗೆದು ಸೆರಗಿನಲ್ಲಿ ಕಟ್ಟಿಕೊಳ್ಳುವ ಅಜ್ಜಿಯರು ಎಷ್ಟೋ ಮಂದಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ, ಸಡಿಲಾದ ಸೆಟ್ಟು ಸರಿಪಡಿಸಲೆಂದೇ ಒಂದು ಕುರ್ಚಿ ಇರಲಿ ಎಂಬುದು ಮೇಡಂ ಆಸೆ. ಬಹಳ ವರ್ಷದಿಂದ ಹೇಳುತ್ತಿದ್ದಾರೆ. ಇನ್ನೇನು ಅವರ ನಿವೃತ್ತಿಯೂ ಹತ್ತಿರ.