ನೀರಿನಲ್ಲೇ ನಿಂತ ಗಿಡ ಬಾಡುವುದೇಕೆ?

ಬೇಸಿಗೆಯಲ್ಲಿ ನೀರಿಲ್ಲದೆ ಗಿಡ ಬಾಡುವುದನ್ನು ನೀವೆಲ್ಲ ನೋಡಿದ್ದೀರಿ. ಸಂಜೆ ಎರಡು ತಂಬಿಗೆ ನೀರು ಹಾಕಿದರೆ ಬೆಳಗಾಗುವುದರೊಳಗೆ ಅದು ತಲೆ ಎತ್ತಿ ನಿಲ್ಲುತ್ತದೆ. ಆದರೆ ಮಳೆಗಾಲದಲ್ಲಿ ನಾಲ್ಕೈದು ದಿನ ಬಿಡದೆ ಮಳೆ ಸುರಿದ ಮೇಲೆ ಒಮ್ಮೆ ಹಿತ್ತಲಿಗೆ ಹೋಗಿ ನೋಡಿ. ತಗ್ಗಿನಲ್ಲಿ ನೀರು ನಿಂತಿರುತ್ತದೆ. ಆ ನೀರಿನಲ್ಲೇ ನಿಂತ ಬದನೆ ಗಿಡದ ಎಲೆಗಳು ಬೇಸಿಗೆಯಲ್ಲಿ ಬಾಡಿದಂತೆಯೇ ಜೋತುಬಿದ್ದಿರುತ್ತವೆ! ಕೆಳಗಿನ ಎಲೆಗಳು ಹಳದಿಯಾಗಿರುತ್ತವೆ. ಬುಡದ ತುಂಬ ನೀರಿದ್ದರೂ ಗಿಡಕ್ಕೆ ಬಾಯಾರಿಕೆಯೇ?

ಹೌದು, ಬಾಯಾರಿಕೆಯೇ. ಅದು ಹೇಗೆಂದು ತಿಳಿಯಲು ಒಂದು ಗಾಜಿನ ಲೋಟದಲ್ಲಿ ಅರ್ಧದಷ್ಟು ಒಣಮಣ್ಣು ತುಂಬಿ, ಮೆಲ್ಲಗೆ ನೀರು ಸುರಿಯಿರಿ. ಮಣ್ಣಿನಿಂದ ಗುಳ್ಳೆಗಳು ಏಳುತ್ತವೆ ಅಲ್ಲವೇ? ಅದು ಮಣ್ಣಿನ ಕಣಗಳ ಸಂದಿನಲ್ಲಿದ್ದ ಗಾಳಿ. ಹದವಾದ ಮಣ್ಣಿನಲ್ಲಿ ಗಟ್ಟಿ ಪದಾರ್ಥ ಸುಮಾರು ಅರ್ಧದಷ್ಟು ಮಾತ್ರ. ಉಳಿದರ್ಧ ಬರೀ ಸಂದುಗಳು. ಈ ಸಂದುಗಳಲ್ಲಿ ಒಂದಷ್ಟು ನೀರು, ಒಂದಷ್ಟು ಗಾಳಿ ಇರಬೇಕು.

ಬೇರಿಗೆ ಗಾಳಿ ಏಕೆ ಬೇಕು? ನಮ್ಮಂತೆಯೇ ಬೇರು ಕೂಡ ಉಸಿರಾಡುತ್ತದೆ. ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಈ ಕ್ರಿಯೆಯಿಂದ ಬರುವ ಶಕ್ತಿಯಿಂದಲೇ ಬೇರು ಬೆಳೆಯುತ್ತದೆ, ಮಣ್ಣಿನಿಂದ ಲವಣಗಳನ್ನು ಹೀರುತ್ತದೆ. ಮಳೆನೀರು ಎಲ್ಲ ಸಂದುಗಳನ್ನೂ ತುಂಬಿಬಿಟ್ಟರೆ ಗಾಳಿಗೆ ಜಾಗವೆಲ್ಲಿ? ನೀರಿನ ಮೂಲಕವೂ ಆಮ್ಲಜನಕ ಇಳಿದು ಬರಬಹುದಲ್ಲ ಎಂದು ನೀವು ಕೇಳಬಹುದು. ಬರುತ್ತದೆ, ಆದರೆ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ! ಅಷ್ಟರಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ. ಶಕ್ತಿಯಿಲ್ಲದ ಬೇರಿನ ಜೀವಕೋಶಗಳು ನೀರನ್ನು ಸರಾಗವಾಗಿ ಒಳಗೆ ಬಿಟ್ಟುಕೊಳ್ಳಲಾರವು. ಎಲೆಗಳಿಗೆ ನೀರು ತಲುಪುವುದಿಲ್ಲ. ಗಿಡ ಬಾಡುತ್ತದೆ. ಕೆಲವರು ಬಾಡಿದ ಎಲೆ ಕಂಡು ಇನ್ನೊಂದು ಕೊಡ ನೀರು ಸುರಿಯುತ್ತಾರೆ, ಪಾಪ! ಗಿಡದ ಕಥೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಭತ್ತ? ಅದು ನೀರಿನಲ್ಲೇ ನಿಂತು ಬೆಳೆಯುತ್ತದಲ್ಲ! ಭತ್ತದ ಎಲೆ, ಕಾಂಡ, ಬೇರುಗಳೊಳಗೆ ಕೊಳವೆಯಂತಹ ಗಾಳಿದಾರಿಗಳಿವೆ. ಮೇಲಿನ ಗಾಳಿ ಅವುಗಳ ಮೂಲಕ ಬೇರಿಗೆ ಇಳಿಯುತ್ತದೆ. ತೋಡಿನ ಬದಿಯ ಕೆಸುವಿಗೂ ಇಂತಹ ಏರ್ಪಾಡಿದೆ. ಬದನೆ, ಮೆಣಸಿನಕಾಯಿ, ಬೆಂಡೆ, ಮೂಲಂಗಿಗಳಿಗೆ ಈ ಅನುಕೂಲವಿಲ್ಲ. ಅವುಗಳಿಗೆ ನಾವೇ ದಾರಿ ಮಾಡಿಕೊಡಬೇಕು. ಆ ದಾರಿಯೇ ಏರು ಮಡಿ, ಅಂದರೆ ನೆಲಮಟ್ಟಕ್ಕಿಂತ ಎತ್ತರಿಸಿದ ಮಣ್ಣಿನ ಮಡಿ.

ಎತ್ತರಿಸಿದರೆ ಏನಾಗುತ್ತದೆ? ಇಟ್ಟಿಗೆಯಾಕಾರದ ಒಂದು ಸ್ಪಂಜನ್ನು ನೀರಿನಲ್ಲಿ ಅದ್ದಿ, ಹಿಂಡದೆ, ಮಲಗಿಸಿದಂತೆ ಅಡ್ಡಲಾಗಿ ಹಿಡಿಯಿರಿ. ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನು ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಅರೆ! ಮತ್ತೆ ನೀರು ಇಳಿಯತೊಡಗಿತು. ಸ್ಪಂಜು ಅದೇ, ಹೆಚ್ಚಿದ್ದು ಎತ್ತರ ಮಾತ್ರ. ಎತ್ತರ ಹೆಚ್ಚಿದಂತೆ ಮೇಲಿನ ಭಾಗದ ನೀರು ಗುರುತ್ವದಿಂದ ಕೆಳಗಿಳಿಯುತ್ತದೆ, ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಏರು ಮಡಿಯಲ್ಲಿ ನಡೆಯುವುದೂ ಇದೇ.

ಮಡಿ ಮಾಡಲು ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ ಜಾಗ ಹುಡುಕಿ. ಮೂರು ಅಡಿ ಅಗಲ, ನಿಮಗೆ ಬೇಕಾದಷ್ಟು ಉದ್ದಕ್ಕೆ ಹಗ್ಗ ಕಟ್ಟಿ ಗುರುತು ಮಾಡಿ. ಮೂರೇ ಅಡಿ ಏಕೆ? ಬದಿಯಲ್ಲಿ ಕುಳಿತರೆ ಮಡಿಯ ನಡುವಿಗೆ ನಿಮ್ಮ ಕೈ ಎಟುಕಬೇಕು, ಮಡಿಯ ಮೇಲೆ ಕಾಲಿಡುವ ಪ್ರಸಂಗವೇ ಬರಬಾರದು. ತುಳಿದರೆ ಸಂದುಗಳು ಮುಚ್ಚಿಹೋಗಿ ಪಟ್ಟ ಶ್ರಮವೆಲ್ಲ ವ್ಯರ್ಥ. ಗುರುತಿನೊಳಗಿನ ಮಣ್ಣನ್ನು ಹಿರಿಯರ ಸಹಾಯದಿಂದ ಅಗೆದು ಸಡಿಲಿಸಿ. ಸುತ್ತಲೂ ಒಂದು ಅಡಿ ಅಗಲದ ದಾರಿ ಬಿಟ್ಟು, ಅದನ್ನು ಅರ್ಧ ಅಡಿ ಅಗೆದು ಆ ಮಣ್ಣನ್ನೂ ಮಡಿಗೆ ಹಾಕಿ. ಮಡಿ ದಾರಿಗಿಂತ ಸುಮಾರು ಮುಕ್ಕಾಲು ಅಡಿ ಎತ್ತರವಾಗುತ್ತದೆ. ದಾರಿಯೇ ನೀರು ಹರಿದುಹೋಗುವ ಕಾಲುವೆಯೂ ಆಗುತ್ತದೆ. ಜಾಗ ಇಳಿಜಾರಾಗಿದ್ದರೆ ಮಡಿಯನ್ನು ಇಳಿಜಾರಿಗೆ ಅಡ್ಡಲಾಗಿ ಮಾಡಿ. ಇಲ್ಲದಿದ್ದರೆ ನೀರು ರಭಸದಿಂದ ಓಡಿ ಮಣ್ಣನ್ನೂ ಕೊಂಡೊಯ್ಯುತ್ತದೆ. ಅಂಚಿಗೆ ಕಲ್ಲು, ಒಡೆದ ಹೆಂಚು ಅಥವಾ ಅಡಿಕೆ ದಬ್ಬೆ ಇಡಬಹುದು. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ, ಅದು ಕೊಳೆಯುವಾಗ ಹುಟ್ಟುವ ಬಿಸಿ ಎಳೆಯ ಬೇರಿಗೆ ಒಳ್ಳೆಯದಲ್ಲ.

ಮೊದಲ ಬಾರಿಗೆ ಹರಿವೆ (ಕೆಲವು ಕಡೆ ಇದನ್ನು ದಂಟು ಎನ್ನುತ್ತಾರೆ) ಸುಲಭ. ಬೀಜ ತೀರ ಸಣ್ಣದು, ಮರಳಿನೊಡನೆ ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಸುಮಾರು ಒಂದು ತಿಂಗಳಲ್ಲಿ ಸೊಪ್ಪು ಅಡಿಗೆಮನೆಗೆ ಬರುತ್ತದೆ. ಬೆಂಡೆ ಬೀಜವನ್ನು ನೇರವಾಗಿ ಮಡಿಯಲ್ಲೇ ಊರಿ. ಬದನೆ, ಮೆಣಸಿನಕಾಯಿಯನ್ನು ಬೇರೆಡೆ ಸಸಿ ಮಾಡಿಕೊಂಡು ನಾಟಿ ಮಾಡಿ. ಸಡಿಲ ಮಣ್ಣಿನಲ್ಲಿ ಮೂಲಂಗಿ ನೆಟ್ಟಗೆ ಇಳಿಯುತ್ತದೆ. ಗಟ್ಟಿ ನೆಲದಲ್ಲಿ ಅದು ಕವಲೊಡೆದು ಪ್ಯಾಂಟಿನ ಹಾಗಾಗುವುದೂ ಉಂಟು!

ಏರು ಮಡಿಯ ಉಪಾಯ ಬಹಳ ಹಳೆಯದು. ಮೆಕ್ಸಿಕೋ ದೇಶದ ಆಜ್ಟೆಕ್ ಜನರು ಆಳವಿಲ್ಲದ ಕೆರೆಗಳಲ್ಲೇ ಕೆಸರು ಎತ್ತಿ ಹಾಕಿ, ನೀರಿನಿಂದ ಮೇಲೆದ್ದ ಮಡಿಗಳಲ್ಲಿ ಮುಸುಕಿನ ಜೋಳ, ತರಕಾರಿ ಬೆಳೆಯುತ್ತಿದ್ದರು. ಅವುಗಳಿಗೆ ಚಿನಾಂಪಾ ಎಂದು ಹೆಸರು.

ಹಾಗೆಂದು ಎಲ್ಲ ಊರಿಗೂ ಏರು ಮಡಿಯೇ ಸರಿ ಎನ್ನುವಂತಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ, ವಿಜಯಪುರದಲ್ಲಿ ಸುಮಾರು 600 ಮಿ.ಮೀ. ಬೇಗ ನೀರು ಬಸಿಯುವ ಮಡಿ ಬೇಗ ಒಣಗುತ್ತದೆ ಕೂಡ. ಆದ್ದರಿಂದ ಒಣ ಸೀಮೆಯಲ್ಲಿ, ಬೇಸಿಗೆಯಲ್ಲಿ ಮಡಿಯನ್ನು ನೆಲಕ್ಕಿಂತ ತಗ್ಗಾಗಿಸಿ, ಸುತ್ತ ಬದು ಕಟ್ಟುವುದೇ ಜಾಣತನ. ಹಾಕಿದ ನೀರು ಅಲ್ಲೇ ಇಂಗುತ್ತದೆ. ಎರಡು ಕಡೆಯೂ ಮಣ್ಣಿನ ಮೇಲೆ ತರಗೆಲೆ ಹೊದಿಸಿದರೆ ಒಳ್ಳೆಯದು.

ನಿಮ್ಮ ಶಾಲೆಯ ತೋಟದಲ್ಲಿ ಒಂದು ಏರು ಮಡಿ ಮಾಡಿ, ಪಕ್ಕದಲ್ಲಿ ಅಷ್ಟೇ ಅಳತೆಯ ಸಮತಟ್ಟು ಜಾಗ ಬಿಡಿ. ಒಂದೇ ದಿನ ಎರಡರಲ್ಲೂ ಅಷ್ಟಷ್ಟೇ ಬೆಂಡೆ ಬೀಜ ಊರಿ. ಮೊದಲ ಹೂ ಎಲ್ಲಿ, ಯಾವ ದಿನ ಬಿಟ್ಟಿತು, ಎಷ್ಟು ಕಾಯಿ ಸಿಕ್ಕಿತು ಎಂದು ಬರೆದಿಡಿ. ಜೋರು ಮಳೆಯ ವಾರ ಕಳೆದ ಮೇಲೆ ಎರಡು ಕಡೆಯಿಂದಲೂ ಒಂದೊಂದು ಗಿಡ ಮೆಲ್ಲಗೆ ಕಿತ್ತು ಬೇರು ತೊಳೆದು ನೋಡಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಬೇರು ಚೆನ್ನಾಗಿ ಉಸಿರಾಡಿದೆ. ಕಂದುಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಕೆಟ್ಟ ವಾಸನೆ ಬರುತ್ತಿದ್ದರೆ ಅಲ್ಲಿ ನೀರು ನಿಂತಿತ್ತು ಎಂದೇ ಊಹಿಸಬಹುದು.