ಶೈತ್ಯದಲ್ಲಿ ಕಾದಿರುವ ಅಂಡ

ಕುಂಬಾರರ ಹೆಸರನ್ನು ಹೊತ್ತು, ಈಗ ಮೈಸೂರು ನಗರದೊಳಗೆ ಬೆರೆತುಹೋಗಿರುವ ಕುಂಬಾರಕೊಪ್ಪಲಿನಂಥ ಬಡಾವಣೆಯಲ್ಲಿ, ಮೂವತ್ತು ದಾಟಿದ ಉದ್ಯೋಗಸ್ಥೆ ಮಗಳು ವಿವಾಹದ ವಿಚಾರವನ್ನು ಮುಂದೂಡುತ್ತಿರುವಾಗ, ‘ಮಕ್ಕಳಾಗುವ ವಯಸ್ಸು ಮೀರೀತಲ್ಲಮ್ಮ’ ಎಂಬ ಮಾತು ಹಿರಿಯರ ಬಾಯಿಂದ ಬರುವುದು ಸಹಜ. ಅದು ಎಷ್ಟೇ ನೋಯಿಸಿದರೂ ಅದರ ಹಿಂದಿರುವ ದೇಹಧರ್ಮವು ಸುಳ್ಳಲ್ಲ. ಹೆಣ್ಣುಶಿಶುವು ಜನಿಸುವಾಗಲೇ ಹತ್ತರಿಂದ ಇಪ್ಪತ್ತು ಲಕ್ಷದಷ್ಟು ಅಂಡಗಳನ್ನು ಹೊತ್ತು ಬರುವುದು. 35ರ ಅನಂತರ ಅವುಗಳ ಸಂಖ್ಯೆಯೂ ಗುಣವೂ ವೇಗವಾಗಿ ಕುಗ್ಗುವುವು.

ಹೀಗೆ ಕುಗ್ಗುವ ಮುನ್ನವೇ ಅಂಡಗಳನ್ನು ಮುಂದಿನ ಬಳಕೆಗೆ ಕಾಪಿಡಲು ಒಂದು ದಾರಿಯಿದೆ. ಹತ್ತು ಹನ್ನೆರಡು ದಿನ ಹಾರ್ಮೋನಿನ ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿಂಗಿನ ನೆರವಿನಿಂದ ಸೂಜಿಯ ಮೂಲಕ ಹೊರತೆಗೆದ ಅಂಡಗಳನ್ನು, ಒಳಗಿನ ನೀರು ಹರಳುಗಟ್ಟಿ ಸೀಳದಂತೆ ಕ್ಷಣಮಾತ್ರದಲ್ಲಿ ಗಾಜಿನಂತೆ ಘನೀಕರಿಸಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್ಸಿನ ದ್ರವ ಸಾರಜನಕದಲ್ಲಿರಿಸುವುದೇ ಅಂಡಸಂರಕ್ಷಣೆಯ ಕ್ರಮ. ಕರಗಿಸುವಾಗ ಕೆಲವು ನಶಿಸುವುವು, ಕೆಲವು ಫಲಿಸವು, ಫಲಿಸಿದುದೆಲ್ಲ ಗರ್ಭದಲ್ಲಿ ನೆಲೆಗೊಳ್ಳದು. ಇದನ್ನು ಮರೆಮಾಚಿ ಆಸೆ ಹುಟ್ಟಿಸುವುದು ನನಗೆ ಅಕ್ಷಮ್ಯವಾಗಿ ತೋರುತ್ತದೆ.

ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನವನ್ನು ನಿಯಂತ್ರಿಸುವ ಭಾರತದ 2021ರ ಕಾಯಿದೆಯು ಇಂಥ ಸಂತಾನಚಿಕಿತ್ಸೆಯನ್ನು 21 ದಾಟಿದ, 50 ತುಂಬದ ಸ್ತ್ರೀಗೆ, ಆಕೆ ಅವಿವಾಹಿತೆಯಾಗಿದ್ದರೂ, ಅನುಮತಿಸಿದೆ. ಕನ್ನಡದ ನಟಿ ಭಾವನಾ ರಾಮಣ್ಣ ಅವರು ಅವಿವಾಹಿತೆಯಾಗಿಯೇ ಐವಿಎಫ್ ಮೂಲಕ ಗರ್ಭ ಧರಿಸಿದುದನ್ನು 2025ರಲ್ಲಿ ಬಹಿರಂಗವಾಗಿ ತಿಳಿಸಿದಾಗ, ಮನೆಮನೆಗಳಲ್ಲಿ ಪಿಸುಮಾತಾಗಿದ್ದ ವಿಷಯವು ಜಗಲಿಗೆ ಬಂದಿತು.

ವೈದ್ಯರೆದುರು ಕುಳಿತ ಹೆಣ್ಣು ಮೊದಲು ಕೇಳಬೇಕಾದುದು ಶುಲ್ಕವನ್ನಲ್ಲ: ನನ್ನ ವಯಸ್ಸಿನಲ್ಲಿ, ನನ್ನ ಅಂಡಾಶಯದ ಈಗಿನ ಸ್ಥಿತಿಯಲ್ಲಿ, ಎಷ್ಟು ಅಂಡ ದೊರೆತೀತು, ಅವುಗಳಿಂದ ಒಂದು ಮಗುವಾಗುವ ಸಂಭವವೆಷ್ಟು, ಮುಂದೆ ಬೇಡವೆನಿಸಿದರೆ ಅವುಗಳನ್ನೇನು ಮಾಡುವಿರಿ?