ಕೋಡಿಯನ್ನು ಮೊದಲು ನೆನೆಯುವವರು

ಮಳಖೇಡದ ಕೋಟೆಗೆ ಅನತಿದೂರದಲ್ಲಿರುವ ನಮ್ಮ ಆದಿತ್ಯನಗರದಲ್ಲಿ ಸಿಮೆಂಟ್ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ, ಒಳಹೋಗುವವರು ಒಂದು ಬದಿಗೂ ಹೊರಬರುವವರು ಮತ್ತೊಂದು ಬದಿಗೂ ಸರಿದು, ಸೈಕಲ್ಲಿನವರಿಗೊಂದು ಓಣಿ, ಲಾರಿಗಳಿಗೆ ಬೇರೊಂದು ದಾರಿ ಎಂದು ಮೊದಲೇ ಗೊತ್ತಾಗಿರುವುದರಿಂದ, ನೂರಾರು ಮಂದಿ ಕೆಲವೇ ನಿಮಿಷಗಳಲ್ಲಿ ಒಬ್ಬರ ಭುಜವನ್ನೊಬ್ಬರು ಸೋಕದೆ ಅದಲುಬದಲಾಗುವುದನ್ನು ನಾನು ಎಷ್ಟೋ ವರ್ಷ ಕಂಡಿದ್ದೆನಾದರೂ, ಅದನ್ನು ಯಾರೋ ಒಬ್ಬರು ಕುಳಿತು ಯೋಚಿಸಿ ಗೊತ್ತುಮಾಡಿದ್ದಿರಬೇಕೆಂಬುದು ಒಮ್ಮೆಯೂ ಮನಸ್ಸಿಗೆ ಹೊಳೆದಿರಲಿಲ್ಲ. ಹೊಳೆದದ್ದು 2025ರ ಜೂನ್ 4ರ ಸಂಜೆ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ 11 ಮಂದಿ ನೂಕುನುಗ್ಗಲಿಗೆ ಸಿಕ್ಕಿ ಮಡಿದರೆಂಬ ವಾರ್ತೆ ಬಂದಾಗ. ಆ ಸಂಜೆಯ ವಿಚಾರಕ್ಕೆ ಮುಂದೆ ಬರುತ್ತೇನೆ. ಅದಕ್ಕೆ ಮೊದಲು, ಇಂಥದನ್ನು ಮುಂಗಂಡು ಹೇಳುವುದನ್ನೇ ಉದ್ಯೋಗವಾಗಿ ಉಳ್ಳ ಒಂದು ವರ್ಗದವರ ಪರಿಚಯವನ್ನು ಮಾಡಿಕೊಡಬೇಕಾಗಿದೆ.

ಇವರನ್ನು ಕ್ರೀಡಾಕೂಟಗಳ ಸಲಹೆಗಾರರೆಂದು ಕರೆಯುತ್ತಾರೆ. ಒಂದು ನಗರಕ್ಕೆ ಒಲಿಂಪಿಕ್ಸನ್ನೋ ವಿಶ್ವಕಪ್ಪನ್ನೋ ನಡೆಸಬೇಕೆಂಬ ಹಂಬಲ ಹುಟ್ಟಿದ ದಿನದಿಂದ, ಬಿಡ್ ಎಂದು ಕರೆಯಲಾಗುವ ಮನವಿಯ ಗ್ರಂಥವನ್ನು ಸಿದ್ಧಪಡಿಸುವುದು, ಆತಿಥೇಯ ನಗರವು ಸಹಿಮಾಡಬೇಕಾದ ಒಪ್ಪಂದದ ಒಂದೊಂದು ವಾಕ್ಯದಲ್ಲಿಯೂ ಅಡಗಿರುವ ವೆಚ್ಚವನ್ನು ಎಣಿಸಿ ತೋರಿಸುವುದು, ಉದ್ಘಾಟನೆಯ ದಿನದಿಂದ ಹಿಂದುಹಿಂದಕ್ಕೆ ಲೆಕ್ಕಹಾಕಿ ಯಾವ ಗುತ್ತಿಗೆ ಯಾವ ತಿಂಗಳಿಗೆ ಮುಗಿಯದಿದ್ದರೆ ಎಲ್ಲವೂ ಕೆಟ್ಟಿತೆಂದು ಹೇಳುವುದು, ಆಟಗಾರರು, ಅಧಿಕಾರಿಗಳು, ಪತ್ರಕರ್ತರು, ಅಡಿಗೆಯವರು, ಇವರಲ್ಲಿ ಯಾರ ಕೊರಳಿನ ಪಾಸು ಯಾವ ಬಾಗಿಲನ್ನು ತೆರೆಸಬೇಕು, ಯಾವುದನ್ನು ತೆರೆಸಬಾರದು ಎಂಬುದನ್ನು ವಿಧಿಸುವುದು, ಇವೆಲ್ಲವೂ ಅವರ ಕೆಲಸ. ವಾಡಿ ಜಂಕ್ಷನ್ನಿನಲ್ಲಿ ಸೊಲ್ಲಾಪುರದ ಕಡೆಯಿಂದಲೂ ಗುಂತಕಲ್ಲಿನ ಕಡೆಯಿಂದಲೂ ಸಿಕಂದರಾಬಾದಿನ ಕಡೆಯಿಂದಲೂ ಬರುವ ಗಾಡಿಗಳು ಒಂದರ ಮೇಲೊಂದು ಏರದೆ ಸಾಗುವುದನ್ನು ಕಂಡಿರುವ ನಮ್ಮವರಿಗೆ ಇದರ ಸ್ವರೂಪ ತಿಳಿಯದ್ದೇನೂ ಅಲ್ಲ. ವ್ಯತ್ಯಾಸವಿಷ್ಟೇ: ರೈಲ್ವೆಯ ವೇಳಾಪಟ್ಟಿ ನಾಳೆಯೂ ನಡೆಯತಕ್ಕದ್ದು, ತಪ್ಪನ್ನು ನಾಡಿದ್ದು ತಿದ್ದಿಕೊಳ್ಳಬಹುದು, ಕ್ರೀಡಾಕೂಟದ ವೇಳಾಪಟ್ಟಿ ಒಂದೇ ಸಲ ನಡೆದು ಮುಗಿದುಹೋಗುತ್ತದೆ.

ಹಿಂದೆ ಇಂಥ ವೃತ್ತಿಯವರು ಇರಲಿಲ್ಲ. 1951ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟವನ್ನು, ಒಂದು ವರ್ಷ ಮುಂದಕ್ಕೆ ಹಾಕಬೇಕಾಗಿ ಬಂದರೂ, ಹನ್ನೊಂದು ದೇಶಗಳನ್ನು ಕರೆಸಿ ನಡೆಸಿದವರು ಕೈಯಲ್ಲಿ ಹಣವಿಲ್ಲದಿದ್ದರೂ ಎದೆಯಲ್ಲಿ ಉತ್ಸಾಹವಿದ್ದ ಕ್ರೀಡಾಪ್ರೇಮಿಗಳು. ಅನಂತರ ಕೂಟಗಳು ಬೆಳೆದವು, ಸಾಲಗಳೂ ಬೆಳೆದವು; ಮಾಂಟ್ರಿಯಲ್ ನಗರವು 1976ರ ಒಲಿಂಪಿಕ್ಸಿಗಾಗಿ ಮಾಡಿದ ಸಾಲ ತೀರಿದ್ದು 2006ರಲ್ಲಿ. ಪ್ರತಿಯೊಂದು ನಗರವೂ ತನಗಿಂತ ಹಿಂದಿನ ನಗರ ಕಲಿತದ್ದನ್ನು ಕೇಳದೆ ಅದೇ ತಪ್ಪನ್ನು ಹೊಸದಾಗಿ ಮಾಡುತ್ತಿದ್ದುದನ್ನು ಕಂಡು ಬೇಸತ್ತ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು, ಸಿಡ್ನಿಯ 2000ದ ಕೂಟದ ಸಂಘಟಕರಿಂದ ಅವರ ಕಡತಗಳನ್ನೂ ಅನುಭವವನ್ನೂ ಹಣಕೊಟ್ಟು ಪಡೆದು, ಮುಂದಿನ ನಗರಗಳಿಗೆ ದಾಟಿಸುವ ವ್ಯವಸ್ಥೆಯನ್ನು ಮಾಡಿತು. ಜ್ಞಾನವು ಕ್ರಯವಿಕ್ರಯದ ವಸ್ತುವಾದ ಮೇಲೆ ಅದರ ವರ್ತಕರು ಹುಟ್ಟಿಕೊಳ್ಳದಿರುವರೆ?

ವರ್ತಕರೆಂದುದರಿಂದ ಹಳಿಯುತ್ತಿದ್ದೇನೆಂದು ಭಾವಿಸಬಾರದು. ಅವರ ಸೂಕ್ಷ್ಮತೆಗೆ ಬೆರಗಾಗದಿರುವುದು ಕಷ್ಟ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರಿನ ಓಟವನ್ನೇ ನೋಡಿ. ಇಂಥ ಓಟದ ದಾರಿಯನ್ನು ಅಳೆಯುವವರು ಮುಂಗಾಲಿಗೆ ಎಣಿಕೆಯ ಯಂತ್ರವನ್ನು ಕಟ್ಟಿದ ಸೈಕಲ್ಲನ್ನೇರಿ, ಓಟಗಾರನು ತಿರುವುಗಳಲ್ಲಿ ಹಿಡಿಯಬಹುದಾದ ಅತ್ಯಂತ ಹತ್ತಿರದ ಜಾಡಿನಲ್ಲಿಯೇ ಸಾಗುತ್ತಾರೆ. ಹೀಗೆ ಅಳೆದ ಮೇಲೂ ತಮ್ಮ ಅಳತೆಯಲ್ಲಿ ಎಲ್ಲಿಯಾದರೂ ಕೊರತೆ ನುಸುಳಿದ್ದರೆಂಬ ಶಂಕೆಯಿಂದ ಸಾವಿರಕ್ಕೆ ಒಂದರಂತೆ ಸೇರಿಸಿ, ಹತ್ತು ಸಾವಿರ ಮೀಟರಿಗೆ ಹತ್ತು ಸಾವಿರದ ಹತ್ತು ಮೀಟರನ್ನು ಗುರುತುಮಾಡುತ್ತಾರೆ. ಶಹಾಬಾದಿನ ಕಲ್ಲನ್ನು ಅಡಿ ಲೆಕ್ಕದಲ್ಲಿ ಕೊಂಡವರು ಇಂಥ ಔದಾರ್ಯವನ್ನು ಕನಸಿನಲ್ಲಿಯೂ ಕಂಡಿರಲಾರರು.

ನಮ್ಮ ಸೀಮೆಗೂ ಇದರ ಗಾಳಿ ಬೀಸಿದೆ. 2023ರ ನವೆಂಬರ್ ಕೊನೆಯ ವಾರದಲ್ಲಿ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ 25 ಸಾವಿರ ಡಾಲರ್ ಬಹುಮಾನದ ಪುರುಷರ ಪಂದ್ಯಾವಳಿ ನಡೆದು, ಚೆನ್ನೈಯ ರಾಮಕುಮಾರ್ ರಾಮನಾಥನ್ ಆಸ್ಟ್ರಿಯದ ಡೇವಿಡ್ ಪಿಚ್ಲರನನ್ನು ಸೋಲಿಸಿ ಪ್ರಶಸ್ತಿ ಪಡೆದರು. ಜಾಗತಿಕ ಟೆನಿಸಿನ ಸೋಪಾನದಲ್ಲಿ ಇದು ಕೆಳಗಿನ ಮೆಟ್ಟಿಲೇ ಸರಿ. ಆದಾಗ್ಯೂ ಆ ಮೆಟ್ಟಿಲಿಗೂ ವಿಧಿಗಳುಂಟು: ಅಂಕಣದ ಮೇಲ್ಮೈ ಯಾವುದು, ಚೆಂಡು ಯಾವ ತಯಾರಿಕೆಯದು, ವಸತಿಗೃಹ ಎಲ್ಲಿ, ವಿಮಾನನಿಲ್ದಾಣ ಎಷ್ಟು ದೂರ, ಅರ್ಹತಾ ಸುತ್ತಿಗೆ ಹೆಸರು ಬರೆಸುವ ಗಡುವು ಯಾವಾಗ ಎಂಬೆಲ್ಲ ವಿವರಗಳನ್ನು ಮೊದಲೇ ಪ್ರಕಟಿಸಬೇಕು, ಒಕ್ಕೂಟದ ಮೇಲ್ವಿಚಾರಕನೊಬ್ಬನು ಸ್ಥಳದಲ್ಲಿಯೇ ಇದ್ದು, ಅಂಕಣದ ಮೇಲೆ ಅವನ ಮಾತೇ ಕಡೆಯ ಮಾತಾಗಿರಬೇಕು. 2019ರ ನವೆಂಬರ್ 22ರಂದು ಕಲಬುರಗಿಯ ವಿಮಾನನಿಲ್ದಾಣ ತೆರೆಯದೆ ಇದ್ದಿದ್ದರೆ ಈ ಪಂದ್ಯಾವಳಿಯ ಮಾತನ್ನೆತ್ತುವುದೂ ಕಷ್ಟವಾಗುತ್ತಿತ್ತೆಂದು ನನ್ನ ಊಹೆ. ಜಿಲ್ಲಾಧಿಕಾರಿಯಾಗಲಿ ಮಂತ್ರಿಯಾಗಲಿ ಬದಲಿಸಲಾಗದ ಮಾತೊಂದು ನಮ್ಮ ಜಿಲ್ಲೆಯ ಮೈದಾನದಲ್ಲಿ ಒಂದು ವಾರ ಚಲಾವಣೆಯಲ್ಲಿದ್ದಿತೆಂಬುದು ಯಾರ ಗಮನಕ್ಕೂ ಬಾರದೆ ಹೋಯಿತು; ನನಗಾದರೋ ಪಂದ್ಯಗಳಿಗಿಂತ ಅದೇ ಹೆಚ್ಚು ಸ್ವಾರಸ್ಯವೆನಿಸಿತು.

ಏಕೆಂದರೆ ಸಲಹೆಗಾರನ ಬೆಲೆ ಇರುವುದು ಅವನು ಹೇಳುವ ಉಪಾಯಗಳಲ್ಲಿ ಅಲ್ಲ, ಅವನು ಹೇಳುವ ‘ಆಗದು’ ಎಂಬ ಒಂದು ಮಾತಿನಲ್ಲಿ. ಆ ಮಾತಿಗೆ ಕಿವಿಗೊಡುವವರಿದ್ದರೆ ಮಾತ್ರ. 2011ರ ಜನವರಿಯಲ್ಲಿ, ವಿಶ್ವಕಪ್ ಕ್ರಿಕೆಟ್ಟಿಗೆ ಇನ್ನೊಂದು ತಿಂಗಳೂ ಇರದಿದ್ದಾಗ, ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿಯ ತಜ್ಞರು ಕೊಲ್ಕತ್ತೆಯ ಈಡನ್ ಗಾರ್ಡನ್ಸನ್ನು ಪರಿಶೀಲಿಸಿ, ನವೀಕರಣದ ಕಾಮಗಾರಿ ಫೆಬ್ರವರಿ 27ರೊಳಗೆ ಮುಗಿಯದೆಂದು ಕಂಡುಕೊಂಡರು. ಭಾರತೀಯ ಕ್ರಿಕೆಟ್ಟಿನ ಅತ್ಯಂತ ಪೂಜ್ಯವಾದ ಆ ಅಂಗಳದಿಂದ ಭಾರತ–ಇಂಗ್ಲೆಂಡ್ ಪಂದ್ಯವನ್ನು ಕಿತ್ತುಕೊಂಡಾಗ ಎದ್ದ ಗದ್ದಲ ಸಾಮಾನ್ಯವಾದುದಲ್ಲ. ಆದರೂ ‘ಆಗದು’ ಎಂಬ ಮಾತು ನಿಂತಿತು. ಆ ಪಂದ್ಯ ಬಂದದ್ದು ಬೆಂಗಳೂರಿಗೆ. ತೆಂಡೂಲ್ಕರ್ 120, ಸ್ಟ್ರಾಸ್ 158. ಎರಡು ತಂಡಗಳೂ 338 ಓಟಗಳಿಗೆ ನಿಂತು ಪಂದ್ಯ ಸರಿಸಮವಾದುದನ್ನು ಇಂದಿಗೂ ನೆನೆಯುವವರುಂಟು. ಅದಕ್ಕೆ ಮೂರು ದಿನ ಮೊದಲು, ಟಿಕೆಟ್ಟಿಗಾಗಿ ರಾತ್ರಿಯೆಲ್ಲ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾದಿದ್ದ ಜನರ ಮೇಲೆ ಪೊಲೀಸರು ಲಾಠಿ ಬೀಸಿದುದನ್ನು ನೆನೆಯುವವರು ವಿರಳ. ನೋಡಬಲ್ಲವರಿಗೆ ಮುನ್ಸೂಚನೆ ಆಗಲೇ ಸಿಕ್ಕಿದ್ದಿತು.

ಕಿವಿಗೊಡುವವರಿಲ್ಲದ ಕಡೆ ಸಲಹೆಯ ಗತಿ ಏನೆಂಬುದಕ್ಕೆ 2010ರ ದಿಲ್ಲಿಯ ಕಾಮನ್‌ವೆಲ್ತ್ ಕೂಟವೇ ನಿದರ್ಶನ. ಕೂಟ ದೊರೆತದ್ದು 2003ರಲ್ಲಿ. ಕೈಯಲ್ಲಿ ಏಳು ವರ್ಷವಿದ್ದಿತು. ವಿದೇಶಗಳಿಂದ ಸಲಹೆಗಾರರನ್ನು ಕರೆಸಲಾಗಿದ್ದಿತು. ಆದರೂ ಉದ್ಘಾಟನೆಗೆ ಹನ್ನೆರಡು ದಿನವಿರುವಾಗ ಮುಖ್ಯ ಕ್ರೀಡಾಂಗಣದ ಬಳಿ ಪಾದಚಾರಿಗಳ ಸೇತುವೆ ಕುಸಿಯಿತು, ಆಟಗಾರರ ಗ್ರಾಮದ ಕೊಳಕು ಲೋಕದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು, ಮಹಾಲೇಖಪಾಲರ 2011ರ ವರದಿಯು ಸಲಹೆಗಾರರನ್ನು ಗೊತ್ತುಮಾಡಿದ ರೀತಿಯನ್ನೇ ಆಕ್ಷೇಪಿಸಿತು. ವೈದ್ಯನಿಗೆ ದಕ್ಷಿಣೆ ಕೊಟ್ಟು ಔಷಧವನ್ನು ಗೂಡಿನಲ್ಲಿಟ್ಟವರ ಪರಿ ಇದು.

ಇನ್ನು ಜೂನ್ 4ರ ಸಂಜೆಯ ಮಾತು. ಅದರ ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡವು ಹದಿನೆಂಟು ವರ್ಷ ಕಾದ ಐಪಿಎಲ್ ಪ್ರಶಸ್ತಿಯನ್ನು ಗೆದ್ದಿತ್ತು. ಮರುದಿನವೇ ವಿಜಯೋತ್ಸವ. ಕ್ರೀಡಾಂಗಣದಲ್ಲಿ ಹಿಡಿಯುವುದು ಸುಮಾರು 35 ಸಾವಿರ ಜನ. ಬಂದವರು ಎರಡು ಮೂರು ಲಕ್ಷವೆಂದು ಸರ್ಕಾರವೇ ಹೇಳಿತು. ಇಂಥಲ್ಲಿ ಸಲಹೆಗಾರನು ಮೊದಲು ಮಾಡುವ ಲೆಕ್ಕ ಪ್ರಾಥಮಿಕ ಶಾಲೆಯ ಹುಡುಗನೂ ಮಾಡಬಲ್ಲಷ್ಟು ಸರಳವಾದುದು. ಗ್ಲಾಸ್ಗೋ ನಗರದ ಐಬ್ರಾಕ್ಸ್ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ 1971ರ ಜನವರಿ 2ರಂದು 66 ಮಂದಿ ತುಳಿತಕ್ಕೆ ಸಿಕ್ಕಿ ಸತ್ತ ಮೇಲೆ ಬ್ರಿಟನ್ನಿನಲ್ಲಿ 1973ರಲ್ಲಿ ಹೊರಬಂದು, ‘ಹಸಿರು ಕೈಪಿಡಿ’ ಎಂದು ಪ್ರಸಿದ್ಧವಾಗಿರುವ ಸುರಕ್ಷತಾ ಗ್ರಂಥವು, ಅನಂತರದ ಆವೃತ್ತಿಗಳಲ್ಲಿ, ಪ್ರವೇಶದ ಒಂದು ತಿರುಗುಬಾಗಿಲಿನಿಂದ ಗಂಟೆಗೆ 660 ಮಂದಿಗಿಂತ ಹೆಚ್ಚನ್ನು ಎಣಿಸಬಾರದೆಂದೂ, ಹೊರಡುವಾಗ ಸಮತಲದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಮಂದಿಯನ್ನೂ ಮೆಟ್ಟಿಲಾದರೆ 66 ಮಂದಿಯನ್ನೂ ಮಾತ್ರ ಎಣಿಸತಕ್ಕದ್ದೆಂದೂ, ಜನರು ಎಂಟು ನಿಮಿಷಗಳೊಳಗೆ ಆಸನದ ಪ್ರದೇಶದಿಂದ ನಿರಾಳವಾದ ದಾರಿಗೆ ಸೇರಬೇಕೆಂದೂ ವಿಧಿಸಿದೆ. 35 ಸಾವಿರ ಜನರನ್ನು ಒಂದು ಗಂಟೆಯಲ್ಲಿ ಒಳಬಿಡಲು ಐವತ್ತನಾಲ್ಕು ತಿರುಗುಬಾಗಿಲು ಬೇಕು; ಎಂಟು ನಿಮಿಷದಲ್ಲಿ ಹೊರಬಿಡಲು ಒಟ್ಟು ಐವತ್ತನಾಲ್ಕು ಮೀಟರ್ ಅಗಲದ ದಾರಿ ಬೇಕು. ಎರಡು ಉತ್ತರಗಳೂ ಒಂದೇ ಸಂಖ್ಯೆಗೆ ಬಂದು ನಿಂತುದು ಕಾಕತಾಳೀಯ. ಮೂರು ಲಕ್ಷಕ್ಕೆ ಇದೇ ಲೆಕ್ಕವನ್ನು ಓದುಗರೇ ಮಾಡಿ ನೋಡಬಹುದು. ಉತ್ತರ ಬರುವುದಕ್ಕೆ ಮೊದಲೇ ‘ಆಗದು’ ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ.

ಆ ಮಾತನ್ನು ಹೇಳಲು ಒಂದು ರಾತ್ರಿಯ ಅವಕಾಶವೂ ಯಾರಿಗೂ ಇರಲಿಲ್ಲ. ವಿಚಾರಣೆ ನಡೆಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹಾ ಅವರ ಆಯೋಗವು, 1974ರಲ್ಲಿ ಮೊದಲ ಟೆಸ್ಟ್ ಪಂದ್ಯವನ್ನು ಕಂಡ ಆ ಕ್ರೀಡಾಂಗಣದ ರಚನೆಯೇ ಬೃಹತ್ ಜನಸಮೂಹಕ್ಕೆ ಯೋಗ್ಯವಲ್ಲವೆಂದೂ, ಸಾರ್ವಜನಿಕ ಬೀದಿಯಿಂದ ಪ್ರತ್ಯೇಕವಾಗಿ ಸರದಿ ನಿಲ್ಲುವ ಅಂಗಳಗಳು, ಸಾಕಷ್ಟು ಬಾಗಿಲುಗಳು, ತುರ್ತು ನಿರ್ಗಮನದ ಯೋಜನೆ ಇವಿಲ್ಲದೆ ದೊಡ್ಡ ಕೂಟಗಳನ್ನು ಅಲ್ಲಿ ನಡೆಸಬಾರದೆಂದೂ ಹೇಳಿತು. ಅದೇ ವರ್ಷದ ಆಗಸ್ಟಿನಲ್ಲಿ ಮಹಿಳೆಯರ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬಯಿಗೆ ಹೋದವು. ಉದ್ಘಾಟನೆಯ ಪಂದ್ಯ ಗುವಾಹಟಿಗೆ ಹೋಯಿತು. ಕೊಲ್ಕತ್ತೆಯಿಂದ ಕಿತ್ತು ಬೆಂಗಳೂರಿಗೆ ಕೊಟ್ಟ ನ್ಯಾಯವೇ ಹದಿನಾಲ್ಕು ವರ್ಷಗಳ ಮೇಲೆ ಬೆಂಗಳೂರಿನಿಂದ ಕಿತ್ತು ಮತ್ತೊಬ್ಬರಿಗೆ ಕೊಟ್ಟಿತು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಮೊಟ್ಟಮೊದಲ ಬಾರಿಗೆ ವಿಶ್ವಕಪ್ ಎತ್ತಿದುದನ್ನು ಕನ್ನಡಿಗರು ದೂರದರ್ಶನದಲ್ಲಿ ನೋಡಿದರು.

ಇದನ್ನೆಲ್ಲ ಯೋಚಿಸುವಾಗ ನನಗೆ ಮತ್ತೆಮತ್ತೆ ನೆನಪಾಗುವುದು ಕಲಬುರಗಿಯ ಶರಣಬಸವೇಶ್ವರರ ಜಾತ್ರೆ. ಹೋಳಿ ಕಳೆದು ಐದನೆಯ ದಿನ ತೇರು ಹೊರಡುವಾಗ, ಹಗ್ಗ ಹಿಡಿದವರು ಸಾವಿರಾರು, ಉತ್ತತ್ತಿ ಬಾಳೆಹಣ್ಣುಗಳನ್ನು ಎಸೆಯುವವರು ಲೆಕ್ಕವಿಲ್ಲದಷ್ಟು. ಆದರೆ ಅಷ್ಟು ದೊಡ್ಡ ರಥ ಅಪಾಯವಿಲ್ಲದೆ ಹೋಗಿ ಬರುವುದು ಗಾಲಿಯ ಪಕ್ಕದಲ್ಲಿ ಬಾಗಿಕೊಂಡು ಮರದ ಸನ್ನೆ ಕೊಡುವ ಕೆಲವೇ ಮಂದಿಯಿಂದ. ಎಳೆಯುವುದು ಅವರ ಕೆಲಸವಲ್ಲ. ತಡೆಯುವುದು ಅವರ ಕೆಲಸ. ಸುತ್ತಲಿನ ಜಯಘೋಷಕ್ಕೆ ಅವರು ತಲೆಯೆತ್ತುವುದೂ ಇಲ್ಲ. ಕೆರೆ ಕಟ್ಟುವ ನಮ್ಮ ಹಿಂದಿನವರೂ ಏರಿಗಿಂತ ಮೊದಲು ಕೋಡಿಯ ಜಾಗವನ್ನು ನೆನೆಯುತ್ತಿದ್ದರು. ಹೆಚ್ಚಾದ ನೀರಿಗೆ ದಾರಿಯನ್ನು ತಾವೇ ತೋರದಿದ್ದರೆ ಅದು ತನ್ನ ದಾರಿಯನ್ನು ಏರಿಯ ನಡುವೆ ಮಾಡಿಕೊಳ್ಳುತ್ತದೆಂಬುದನ್ನು ಬಲ್ಲವರು ಅವರು. ಯಾವ ಓಣಿಯಿಂದ ಜನ ಬರುತ್ತಾರೆ, ಯಾವ ಗಳಿಗೆಯಲ್ಲಿ ಒತ್ತುತ್ತಾರೆ, ಎಲ್ಲಿ ಮಕ್ಕಳು ಕೈ ತಪ್ಪುತ್ತಾರೆ ಎಂಬುದನ್ನು ಜಾತ್ರೆಯ ಹಿರಿಯರು ಯಾವ ಕೈಪಿಡಿಯನ್ನೂ ಓದದೆ ಬಲ್ಲರು. ಮಳಖೇಡದ ಮಠದಲ್ಲಿ ಆಷಾಢದ ಆರಾಧನೆಗೆ ಪಂಕ್ತಿಯ ಮೇಲೆ ಪಂಕ್ತಿ ಕೂರಿಸಿ ಬಡಿಸಿ ಎಬ್ಬಿಸುವವರಿಗೂ ಇದೇ ವಿದ್ಯೆ ಕರಗತ. ಅವರಿಗೂ ವಿದೇಶದ ಸಲಹೆಗಾರನಿಗೂ ಇರುವ ಅಂತರ ಒಂದೇ: ಅವನು ಕಂಡದ್ದನ್ನು ಬರೆದಿಟ್ಟ, ಇವರು ಬರೆದಿಡಲಿಲ್ಲ. ಬರೆದಿಟ್ಟವನಿಗೆ ಶುಲ್ಕ ದೊರೆಯಿತು. ಬರೆದಿಡದವರ ವಿದ್ಯೆ ಅವರೊಡನೆಯೇ ಹೋಗುತ್ತಿದೆ. ಜಾತ್ರೆಗಳಲ್ಲಿಯೂ ಅನಾಹುತಗಳಾದುದುಂಟೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಅವು ಹೆಚ್ಚಾಗಿ ಆದುದು ಸನ್ನೆ ಕೊಡುವವರ ಮಾತನ್ನು ಹಗ್ಗ ಹಿಡಿದವರು ಕೇಳದಿದ್ದಾಗ.

2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ದೊರೆತಿದೆ. 2036ರ ಒಲಿಂಪಿಕ್ಸಿನ ಮೇಲೂ ನಮ್ಮ ದೇಶದ ಕಣ್ಣಿದೆ. ಅಲ್ಲಿಗೆ ಲೋಕದ ಹೆಸರಾಂತ ಸಲಹೆಗಾರರೆಲ್ಲ ಬರುತ್ತಾರೆ, ಬರಲಿ. ನನ್ನ ಬಿನ್ನಹ ಇರುವುದು ನಮ್ಮ ಜಿಲ್ಲೆಯವರಲ್ಲಿ, ಅದೂ ಚಿಕ್ಕದು. ಕಲಬುರಗಿಯಲ್ಲಿ ಮುಂದೆ ಟೆನಿಸ್ ಪಂದ್ಯಾವಳಿಯೋ ಇನ್ನಾವ ಕೂಟವೋ ಏರ್ಪಡುವಾಗ, ಸಂಘಟಕರ ಮೊದಲ ಸಭೆಗೆ ತೇರಿನ ಗಾಲಿಗೆ ಸನ್ನೆ ಕೊಟ್ಟು ಮುದುಕರಾದವರಲ್ಲಿ ಒಬ್ಬರನ್ನಾದರೂ ಕರೆಯಿರಿ. ಅವರ ಪಕ್ಕದಲ್ಲಿ ಬರೆದುಕೊಳ್ಳಬಲ್ಲ ಹುಡುಗನೊಬ್ಬನನ್ನು ಕೂರಿಸಿ. ಅವರು ಯಾವ ಬಾಗಿಲನ್ನಾದರೂ ತೋರಿಸಿ ‘ಇದು ಸಾಲದು’ ಎಂದರೆ, ಆ ಬಾಗಿಲು ಅಗಲವಾಗುವವರೆಗೆ ಟಿಕೆಟ್ಟುಗಳನ್ನು ಅಚ್ಚಿಗೆ ಕೊಡಬೇಡಿ.